ನೀರು ಇಳಿದಿದೆ, ಮನೆ ಒಣಗಿಲ್ಲ, ನನಗೆ 34 ವಾರ: ಇಲ್ಲಿಯೇ ಇರಲೇ, ತವರಿಗೆ ಹೊರಡಲೇ?

ನೆಲಮಹಡಿ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಜಕ್ಕೂರು ಕೆರೆಯ ಕೆಳಗಿನ ತಗ್ಗಿನಲ್ಲಿರುವ ಬಡಾವಣೆ ನಮ್ಮದು. ಚಂಡಮಾರುತದ ಮಳೆ ನಿಂತು ವಾರವಾಗುತ್ತ ಬಂತು. ಮನೆಯೊಳಗೆ ಮೊಣಕಾಲುದ್ದ ನಿಂತಿದ್ದ ನೀರು ಹೋಗಿದೆ, ಕೆಸರನ್ನೂ ಬಳಿದು ಹಾಕಿದ್ದೇವೆ. ಗೋಡೆಗಳು ಮಾತ್ರ ಇನ್ನೂ ಬೆವರುತ್ತಿವೆ. ದಿನವಿಡೀ ಮೋಡ, ಜಿಟಿಜಿಟಿ ಹನಿ. ಒಗೆದ ಬಟ್ಟೆ ಒಣಗುತ್ತಿಲ್ಲ, ಮುಗ್ಗಲು ವಾಸನೆ ಹೋಗುತ್ತಿಲ್ಲ.

ನನಗೆ ಈಗ 34 ವಾರ, ಚೊಚ್ಚಲು. ತವರು ಬೇಲೂರಿನ ಹತ್ತಿರದ ಹಳ್ಳಿ. ಅಮ್ಮ ದಿನವೂ ಫೋನು ಮಾಡಿ ಹೊರಟು ಬಾ ಎನ್ನುತ್ತಿದ್ದಾರೆ. ಮೊದಲಿನಿಂದ ನೋಡಿಕೊಂಡ ವೈದ್ಯರು ಇಲ್ಲಿದ್ದಾರೆ, ಹೆರಿಗೆ ಇಲ್ಲಿಯೇ ಆಗಲಿ ಎಂಬುದು ಅತ್ತೆಯವರ ಮಾತು. ಇಬ್ಬರ ಮಾತಿನಲ್ಲಿಯೂ ಹುರುಳಿದೆ, ಅದಕ್ಕೇ ನನಗೆ ನಿರ್ಧಾರ ಮಾಡಲಾಗುತ್ತಿಲ್ಲ. ತಾಯಿ ಕಾರ್ಡ್ ನೆನೆದು ಶಾಯಿ ಹರಡಿದೆ. ಮಗುವಿಗೆಂದು ಅಜ್ಜಿ ಎತ್ತಿಟ್ಟಿದ್ದ ಹಳೆಯ ನೂಲಿನ ಸೀರೆಗಳು ಮಂಚದ ಕೆಳಗಿನ ಟ್ರಂಕಿನಲ್ಲಿದ್ದವು. ಅವೆಲ್ಲ ಚರಂಡಿ ನೀರಿನಲ್ಲಿ ನೆನೆದವು. ಇಂಥ ಹೊತ್ತಿನಲ್ಲಿ ಸೀರೆಗಾಗಿ ಅಳುವುದೇ ಎಂದು ಯಾರಿಗಾದರೂ ಅನ್ನಿಸಬಹುದು. ನನಗೆ ಅಳು ಬಂತು.

ಇಂಥ ಮನೆಯಲ್ಲಿ ಗರ್ಭಿಣಿ ಇರಬಹುದೇ? ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬೇಕಾಗಿಲ್ಲ? ಅನುಭವವಿದ್ದವರು ದಯವಿಟ್ಟು ಬರೆಯಿರಿ.

ಇಬ್ಬರು ಮಕ್ಕಳ ತಾಯಿ

ತಂಗಿ, ಮೊದಲು ಸೀರೆಯ ಮಾತು. ನನ್ನ ಅಮ್ಮನ ಹಳೆಯ ಸೀರೆಗಳು ನಮ್ಮ ಮನೆಯ ಬೀರುವಿನಲ್ಲಿವೆ, ಎರಡನೇ ಮಹಡಿಯಾದ್ದರಿಂದ ನೀರು ಮುಟ್ಟಿಲ್ಲ. ಒಗೆದು ಒಗೆದು ಮೆತ್ತಗಾಗಿರುವ ಬಟ್ಟೆ, ಲಂಗೋಟಿಗೂ ಹೊದಿಕೆಗೂ ಚೆನ್ನಾಗಿ ಆಗುತ್ತದೆ. ನಾಳೆ ನನ್ನ ಮಗನ ಕೈಯಲ್ಲಿ ಕಳುಹಿಸುತ್ತೇನೆ. ಬಿಸಿಲು ಬರಲಿ ಎಂದು ಕಾಯಬೇಡಿ. ಬಿಸಿನೀರಿನಲ್ಲಿ ಒಗೆದು, ಫ್ಯಾನಿನ ಕೆಳಗೆ ಹರವಿ, ಕೊನೆಗೆ ಎರಡೂ ಬದಿ ಬಿಸಿಯಾಗಿ ಇಸ್ತ್ರಿ ಮಾಡಿ. ಅಜ್ಜಿಯ ಸೀರೆಗಳನ್ನು ಎಸೆಯಬೇಡಿ. ಸೋಪಿನ ಪುಡಿ ಹಾಕಿ ಕುದಿಸಿ ಒಗೆದರೆ ನೂಲಿನ ಬಟ್ಟೆ ಬಹುಮಟ್ಟಿಗೆ ಉಳಿಯುತ್ತದೆ. ಮಗುವಿಗೆ ಬೇಡವೆನಿಸಿದರೆ ನಿಮಗೇ ಕೌದಿ ಹೊಲಿಸಿಕೊಳ್ಳಿ.

ಉಳಿದದ್ದನ್ನು ತಿಳಿದವರು ಹೇಳಲಿ. ನಮ್ಮ ರಸ್ತೆಯಲ್ಲಿ ಒಬ್ಬ ನಿವೃತ್ತ ನರ್ಸ್ ಅಮ್ಮ ಇದ್ದಾರೆ, ಅವರನ್ನು ಇಲ್ಲಿಗೆ ಕರೆಯುತ್ತೇನೆ.

ನಿವೃತ್ತ ನರ್ಸ್

ಕರೆದರು, ಬಂದಿದ್ದೇನೆ. ಹೆರಿಗೆ ವಾರ್ಡಿನಲ್ಲಿಯೇ ನನ್ನ ಕೆಲಸದ ಬಹುಪಾಲು ಕಳೆಯಿತು. ಉದ್ದವಾಗಿ ಬರೆಯುತ್ತೇನೆ, ಸಾವಕಾಶವಾಗಿ ಓದಮ್ಮ.

ಎಲ್ಲಕ್ಕಿಂತ ಮೊದಲು ಕುಡಿಯುವ ನೀರು. ನೆರೆ ಬಂದ ಕಡೆ ಕೊಳಚೆ ನೀರು ಸಂಪಿಗೂ ಬೋರ್‌ವೆಲ್ಲಿಗೂ ಸೇರುತ್ತದೆ. ಅದರಿಂದ ವಾಂತಿ ಭೇದಿ ಬರುತ್ತದೆ, ಟೈಫಾಯಿಡ್ ಬರುತ್ತದೆ. ಬಸುರಿಯರ ವಿಷಯದಲ್ಲಿ ನನಗೆ ಹೆಚ್ಚು ಭಯವಿರುವುದು ಹೆಪಟೈಟಿಸ್ ಇ ಎಂಬ ಕಾಮಾಲೆಯದು. ಬೇರೆಯವರಿಗೆ ಬಂದರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿ ವಾಸಿಯಾಗುತ್ತದೆ. ಬಸುರಿನ ಕೊನೆಯ ಮೂರು ತಿಂಗಳಲ್ಲಿ ಬಂದರೆ ಯಕೃತ್ತು ಕುಸಿಯಬಹುದು. ಹಾಗೆ ಸೋಂಕು ತಗುಲಿದವರಲ್ಲಿ ನೂರಕ್ಕೆ 20ರಿಂದ 25ರವರೆಗೆ ತಾಯಂದಿರು ಸಾಯಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಈ ರೋಗಾಣು ದೇಹ ಸೇರಿ 2ರಿಂದ 10 ವಾರಗಳ ನಂತರ ರೋಗ ಕಾಣಿಸಿಕೊಳ್ಳುತ್ತದೆ. ನೀರು ಇಳಿಯಿತು, ಅಂಗಳ ಒಣಗಿತು ಎಂದು ಕುದಿಸುವುದನ್ನು ಬಿಟ್ಟುಬಿಡಬೇಡ ಎನ್ನುವುದು ಇದಕ್ಕೇ. ಹೆರಿಗೆಯಾಗುವವರೆಗೂ, ಆದ ಮೇಲೂ ಚೆನ್ನಾಗಿ ಕುದಿಸಿದ ನೀರನ್ನೇ ಕುಡಿ. ಹಲ್ಲುಜ್ಜಲು, ಹಣ್ಣು ತೊಳೆಯಲು ಅದೇ ನೀರು. ಕಣ್ಣು ಹಳದಿಯಾದರೆ, ಮೂತ್ರ ಗಾಢವಾದರೆ, ಊಟ ಸೇರದೆ ವಾಂತಿಯಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಕಾಮಾಲೆಗೆ ಸೊಪ್ಪಿನ ರಸ ಕೊಡುತ್ತೇವೆ ಎನ್ನುವವರ ಬಳಿ ಬಸುರಿಯನ್ನು ಕರೆದೊಯ್ಯಲೇಬಾರದು.

ಇನ್ನು ಇಲಿ ಜ್ವರ. ಇಲಿ ಹೆಗ್ಗಣಗಳ ಮೂತ್ರ ಬೆರೆತ ನೀರು ಕಾಲಿನ ಗಾಯಕ್ಕೆ ತಾಗಿದರೆ ಬರುವಂಥದ್ದು. ನೆರೆಯಾದ ಮೇಲೆ ಕೆಲವರು ಡಾಕ್ಸಿಸೈಕ್ಲಿನ್ ಮಾತ್ರೆ ಹಂಚುತ್ತಾರೆ. ಗರ್ಭಿಣಿಯರು ಅದನ್ನು ತೆಗೆದುಕೊಳ್ಳುವಂತಿಲ್ಲ. ಯಾರೇ ಕೊಟ್ಟರೂ ನಿನ್ನ ವೈದ್ಯರನ್ನು ಕೇಳದೆ ಬಾಯಿಗೆ ಹಾಕಿಕೊಳ್ಳಬೇಡ. ಕೆಸರು ಬಳಿಯುವುದು, ಬ್ಲೀಚಿಂಗ್ ಪುಡಿ ಕಲಸುವುದು, ಬೂಷ್ಟು ಉಜ್ಜುವುದು, ಇವೆಲ್ಲ ಮನೆಯ ಗಂಡಸರ ಕೆಲಸವಾಗಲಿ.

ಸೊಳ್ಳೆಯ ಬಗ್ಗೆಯೂ ಹೇಳಬೇಕು. ಡೆಂಗಿ ಹರಡುವ ಸೊಳ್ಳೆ ಕೊಚ್ಚೆಗಿಂತ ತಿಳಿನೀರಿನಲ್ಲಿ, ಹೂಕುಂಡದ ತಟ್ಟೆ, ಟೈರು, ತೆರೆದ ಡ್ರಮ್ಮುಗಳಲ್ಲಿ ಮೊಟ್ಟೆ ಇಡುತ್ತದೆ. ವಾರ ಹತ್ತು ದಿನದಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗುತ್ತದೆ, ಅಂದರೆ ಈ ಮಳೆಯ ಸೊಳ್ಳೆಗಳು ಈಗ ಏಳುತ್ತವೆ. ಹಗಲು ಮಲಗುವಾಗಲೂ ಪರದೆ ಕಟ್ಟಿಕೋ. ಜ್ವರ ಬಂದರೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಬೇಡ, ಜೊತೆಗೆ ವೈದ್ಯರಿಗೆ ತೋರಿಸಲೇಬೇಕು.

ಮಗು ಆಡುತ್ತಿದೆಯೇ ಎಂದು ದಿನಕ್ಕೊಮ್ಮೆ ಗಮನಿಸು. ಊಟವಾದ ಮೇಲೆ ಎಡಮಗ್ಗುಲಿಗೆ ಮಲಗಿ ಎಣಿಸು. ಎರಡು ಗಂಟೆಯೊಳಗೆ ಹತ್ತು ಸಲ ಮಿಸುಕಬೇಕು. ಕಡಿಮೆಯಾದರೆ, ರಕ್ತ ಕಂಡರೆ, ನೀರು ಹೋದರೆ, ತಲೆ ಸಿಡಿದು ಕಣ್ಣು ಮಂಜಾದರೆ, ಮುಖ ಊದಿಕೊಂಡರೆ ಬೆಳಗಾಗಲಿ ಎಂದು ಕಾಯಬಾರದು.

ತವರಿಗೆ ಹೋಗುವುದೋ ಇಲ್ಲವೋ ಎಂಬುದನ್ನು ನಿನ್ನ ವೈದ್ಯರೊಡನೆ ಈ ವಾರವೇ ನಿರ್ಧರಿಸು. ರಕ್ತದೊತ್ತಡ, ಸಕ್ಕರೆ ಸರಿಯಿದ್ದು, ಮಾಸು (ಪ್ಲಸೆಂಟಾ) ಕೆಳಗಿಲ್ಲದಿದ್ದರೆ ಈಗ ಕಾರಿನಲ್ಲಿ ಹೋಗಲು ಅಡ್ಡಿಯಿಲ್ಲ ಎನ್ನಬಹುದು. 36 ವಾರ ದಾಟಿದ ಮೇಲೆ ಆ ದಾರಿಯನ್ನು ನಾನಂತೂ ಒಪ್ಪುವುದಿಲ್ಲ. ಹೋಗುವುದಾದರೆ ಗಂಟೆಗೊಮ್ಮೆ ಇಳಿದು ನಡೆ, ಸೀಟು ಬೆಲ್ಟನ್ನು ಹೊಟ್ಟೆಯ ಕೆಳಗೆ ಬರುವಂತೆ ಹಾಕಿಕೋ. ಇನ್ನೊಂದು ಲೆಕ್ಕವೂ ಇದೆ. ಬೇಲೂರಿನಿಂದ ಹಾಸನದ ದೊಡ್ಡಾಸ್ಪತ್ರೆ ಸುಮಾರು 40 ಕಿಲೋಮೀಟರ್. ರಾತ್ರಿ ನೋವು ಬಂದರೆ ಯಾವ ಗಾಡಿ, ಯಾರು ಜೊತೆಗೆ ಎಂಬುದನ್ನು ಅಮ್ಮ ಮೊದಲೇ ಗೊತ್ತುಮಾಡಿರಬೇಕು. ಅದು ಗೊತ್ತಾಗದಿದ್ದರೆ ಇಲ್ಲಿಯೇ ಎತ್ತರದ ಜಾಗದಲ್ಲಿ ನೆಂಟರ ಮನೆಯೋ ಬಾಡಿಗೆಯ ಕೋಣೆಯೋ ಸಿಗುತ್ತದೆಯೇ ನೋಡು. ಮುಗ್ಗಲು ಗೋಡೆಯ ಮನೆಗೆ ಹಸುಗೂಸನ್ನು ತರುವುದು ಬೇಡ.

ಮೂರನೇ ಅಡ್ಡರಸ್ತೆ

ಅಮ್ಮನವರು ನೀರಿನ ಬಗ್ಗೆ ಹೇಳಿದ್ದಕ್ಕೆ ಸಂಪಿನ ವಿಷಯ ಸೇರಿಸುತ್ತೇನೆ. ನಮ್ಮ ಸಾಲಿನಲ್ಲಿ ಅರ್ಧಕ್ಕರ್ಧ ಮನೆಗಳವರು ಮೇಲಿನ ಕಸ ತೆಗೆದು ಅದೇ ನೀರನ್ನು ಬಳಸುತ್ತಿದ್ದಾರೆ. ದಯವಿಟ್ಟು ಬೇಡ. ಪೂರ್ತಿ ಖಾಲಿ ಮಾಡಿಸಿ, ಗೋಡೆ ತಳ ಉಜ್ಜಿಸಿ, ಆ ನೀರನ್ನೂ ಹೊರಹಾಕಿ ಹೊಸ ನೀರು ತುಂಬಿಸಿ. ಆಮೇಲೆ 1,000 ಲೀಟರಿಗೆ 2.5 ಗ್ರಾಂ ಲೆಕ್ಕದಲ್ಲಿ ಒಳ್ಳೆಯ ಬ್ಲೀಚಿಂಗ್ ಪುಡಿಯನ್ನು ಬಕೆಟ್ಟಿನಲ್ಲಿ ಕರಗಿಸಿ, ಗಸಿ ಇಳಿದ ಮೇಲೆ ತಿಳಿಯನ್ನಷ್ಟೇ ಸುರಿಯಬೇಕು. ಒಂದು ಗಂಟೆ ಬಿಟ್ಟು ಬಳಸಿ. ಸಂಪಿನೊಳಗೆ ಯಾರನ್ನಾದರೂ ಇಳಿಸುವ ಮುನ್ನ ಮುಚ್ಚಳ ತೆರೆದು ಗಾಳಿಯಾಡಲು ಬಿಡಿ, ಒಬ್ಬರನ್ನೇ ಇಳಿಸಬೇಡಿ. ಡೀಸೆಲ್ ಪಂಪನ್ನಂತೂ ಒಳಗಿಳಿಸಲೇಬೇಡಿ. ಆ ಹೊಗೆ ಜೀವ ತೆಗೆಯುತ್ತದೆ.

ನೀರು ಹೊಕ್ಕ ಸ್ವಿಚ್ಚುಗಳನ್ನು ಎಲೆಕ್ಟ್ರಿಷಿಯನ್ ನೋಡುವವರೆಗೆ ಮುಟ್ಟಬೇಡಿ. ಬೆಸ್ಕಾಂಗೆ 1912, ಜಲಮಂಡಳಿಗೆ 1916. ಪಾಲಿಕೆ ಒಡೆದು ಈಗ ಐದಾಗಿದ್ದರೂ 1533ಕ್ಕೆ ಕರೆ ಮಾಡಬಹುದು.

ಹಿಂಗಾರು

ಹವಾಮಾನದ ಬಗ್ಗೆ ಆಸಕ್ತಿಯಿಂದ ಓದಿಕೊಂಡವನು ನಾನು, ಸ್ವಲ್ಪ ಹೇಳಬಹುದೇ? ಇಷ್ಟಕ್ಕೇ ಮಳೆ ಮುಗಿಯಿತು ಎಂದುಕೊಳ್ಳುವುದು ಬೇಡ. ಹಿಂಗಾರು ಡಿಸೆಂಬರಿನವರೆಗೂ ಇರುತ್ತದೆ, ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತಗಳು ಏಳುವ ಕಾಲವೂ ಇದೇ. 2022ರ ಡಿಸೆಂಬರಿನಲ್ಲಿ ಮಾಂಡೋಸ್ ಮಾಮಲ್ಲಪುರದ ಬಳಿ ದಡ ದಾಟಿತು. 2024ರ ನವೆಂಬರ್ 30ರಂದು ಫೆಂಗಲ್ ಪುದುಚೇರಿಯ ಬಳಿ ದಾಟಿತು. ಎರಡೂ ಸಲ ಸಮುದ್ರವಿಲ್ಲದ ನಮ್ಮೂರಿನಲ್ಲಿ ಬಿಸಿಲು ಮಾಯವಾಗಿ ಚಳಿ ಹಿಡಿಯಿತು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಮೋಡ ಕವಿದರೆ ಹಗಲು ಕಾಯುವುದಿಲ್ಲ, ಗೋಡೆಯ ತೇವ ಆರುವುದಿಲ್ಲ. ನಿಮ್ಮ ಹೆರಿಗೆ ಜನವರಿಯಲ್ಲಿ ಎಂದು ಲೆಕ್ಕ ಹಾಕಿದೆ. ಊರಿನಲ್ಲಿ ಚಳಿ ಹೆಚ್ಚಿರುವ ತಿಂಗಳು ಅದೇ. ಬಾಣಂತಿ ಕೋಣೆಯನ್ನು ಒಣಗಿಸುವ ಕೆಲಸವನ್ನು ಈಗಲೇ ಶುರುಮಾಡಿ.

ನೆಲಮಹಡಿ

ಎಲ್ಲರಿಗೂ ಕೈಮುಗಿಯುತ್ತೇನೆ. ನಿನ್ನೆ ಸಂಪು ತೊಳೆಸಿದೆವು. ಕಾರ್ಡಿನ ಬಗ್ಗೆ ಆಶಾ ಕಾರ್ಯಕರ್ತೆಯನ್ನು ಕೇಳಿದೆ. ಸಂಖ್ಯೆ ಅವರ ವಹಿಯಲ್ಲಿದೆಯಂತೆ, ಹೊಸ ಕಾರ್ಡು ಬರೆದುಕೊಡುತ್ತಾರಂತೆ. ಸ್ಕ್ಯಾನ್ ವರದಿಗಳ ಪ್ರತಿ ಕೊಡಲು ಆಸ್ಪತ್ರೆಯವರು ಒಪ್ಪಿದ್ದಾರೆ.

ನರ್ಸ್ ಅಮ್ಮ, ಒಂದು ಪ್ರಶ್ನೆ. ಬಾಣಂತಿ ಕೋಣೆಗೆ ಅಗ್ಗಿಷ್ಟಿಕೆಯಲ್ಲಿ ಕೆಂಡ ಇಡಬೇಕು, ಸಾಂಬ್ರಾಣಿ ಹೊಗೆ ಹಾಕಬೇಕು, ಕಿಟಕಿ ತೆರೆಯಬಾರದು ಎಂದು ಅತ್ತೆಯವರು ಈಗಿನಿಂದಲೇ ಇದ್ದಿಲು ತರಿಸಿದ್ದಾರೆ. ಗೋಡೆಯ ತೇವಕ್ಕೂ ಅದೇ ಮದ್ದು ಎನ್ನುತ್ತಾರೆ. ಅವರ ಮನಸ್ಸು ನೋಯಿಸಲು ಇಷ್ಟವಿಲ್ಲ. ಏನು ಹೇಳಲಿ?

ನಿವೃತ್ತ ನರ್ಸ್

ಅತ್ತೆಯವರ ಉದ್ದೇಶ ಸರಿಯಾಗಿದೆ ಎಂದು ಮೊದಲು ಅವರಿಗೆ ಹೇಳು. ಎಳೆಯ ಮಗುವಿಗೆ ಚಳಿ ನಿಜಕ್ಕೂ ಅಪಾಯ, ಬೆಚ್ಚಗಿಡಲೇಬೇಕು. ಆದರೆ ಹಂಚಿನ ಮನೆ, ಮಾಡಿನ ಸಂದು, ಗಾಳಿಯಾಡುವ ಹಜಾರ ಇದ್ದ ಕಾಲದಲ್ಲಿ ಕೆಂಡ ಇಡುತ್ತಿದ್ದರು. ಈಗಿನ ಆರ್‌ಸಿಸಿ ಕೋಣೆಯಲ್ಲಿ ಕಿಟಕಿ ಮುಚ್ಚಿ ಕೆಂಡವಿಟ್ಟರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ನಿದ್ದೆಯಲ್ಲಿದ್ದವರು ಏಳುವುದೇ ಇಲ್ಲ. ಹೊಟ್ಟೆಯಲ್ಲಿರುವ ಮಗುವಿಗೂ ಅದು ವಿಷ. ಮನೆಯೊಳಗೆ, ಬಾಲ್ಕನಿಯಲ್ಲಿ ಜನರೇಟರ್ ಓಡಿಸುವವರಿಗೂ ಇದೇ ಮಾತು.

ಮಗುವನ್ನು ಬೆಚ್ಚಗಿಡಲು ತಾಯಿಯ ಎದೆಗಿಂತ ಒಳ್ಳೆಯ ಜಾಗವಿಲ್ಲ. ಹುಟ್ಟಿದ ಕೂಡಲೇ ಒರೆಸಿ, ಬರಿ ಮೈಯಲ್ಲಿ ಅಮ್ಮನ ಎದೆಯ ಮೇಲೆ ಮಲಗಿಸಿ, ಮೇಲೆ ಹೊದಿಸಿ, ತಲೆಗೆ ಕುಲಾವಿ ಹಾಕಬೇಕು. ಮೊದಲ ದಿನ ಸ್ನಾನ ಬೇಡ. ಕುಲಾವಿ ಹೊಲಿಯುವ ಕೆಲಸ ಅತ್ತೆಯವರದಾಗಲಿ. ಇದ್ದಿಲನ್ನು ಹಿತ್ತಿಲಲ್ಲಿ ನೀರು ಕಾಯಿಸಲು ಬಳಸಿಕೊಳ್ಳಲಿ.

ಕೆರೆಯೇರಿ

ಇಲ್ಲಿ ಕೆಂಡದ ಮಾತು, ಸಂಪಿನ ಮಾತು ಎಲ್ಲ ಆಯಿತು. ನೀರು ಯಾಕೆ ಬಂತು ಎಂದು ಯಾರೂ ಕೇಳಲಿಲ್ಲ. ನಾನು ಈ ಭಾಗದ ಹಳಬ. ಯಲಹಂಕ ಕೆರೆ ತುಂಬಿದರೆ ಜಕ್ಕೂರಿಗೆ, ಜಕ್ಕೂರು ತುಂಬಿದರೆ ರಾಚೇನಹಳ್ಳಿಗೆ, ಹಾಗೆಯೇ ಹೆಬ್ಬಾಳ ಕಣಿವೆ ಹಿಡಿದು ಎಲೆಮಲ್ಲಪ್ಪ ಶೆಟ್ಟಿ ಕೆರೆಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ. ಇದು ನೀರಿನ ದಾರಿ. ಆ ದಾರಿಯ ಮೇಲೆ ಮನೆ, ಕಾಂಪೌಂಡು, ರಸ್ತೆ ಎಲ್ಲವನ್ನೂ ಕಟ್ಟಿದ್ದೇವೆ. 2021ರ ನವೆಂಬರಿನಲ್ಲಿ ಯಲಹಂಕ ಕೆರೆ ಉಕ್ಕಿ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿನೊಳಗೆ ದೋಣಿ ಓಡಿಸಿದ್ದನ್ನು ಇಡೀ ರಾಜ್ಯ ನೋಡಿತು. ಅಲ್ಲಿಯೂ ಬಸುರಿಯರು, ಮುದುಕರು ಇದ್ದರು. ರಾಜಕಾಲುವೆಯ ಹೂಳು ಮಳೆಗಾಲಕ್ಕೆ ಮುಂಚೆ ಒಮ್ಮೆ, ಹಿಂಗಾರಿಗೆ ಮುಂಚೆ ಮತ್ತೊಮ್ಮೆ ತೆಗೆಯಬೇಕು. ಅದನ್ನು ಬರೆದು ಕೇಳೋಣ, ಬಡಾವಣೆಯವರೆಲ್ಲ ಸಹಿ ಹಾಕೋಣ. ಅರ್ಜಿ ನಾನು ಬರೆಯುತ್ತೇನೆ.

ಇಬ್ಬರು ಮಕ್ಕಳ ತಾಯಿ

ಸಹಿ ಹಾಕುತ್ತೇವೆ ಸರ್, ಅದು ಖಂಡಿತ ಆಗಬೇಕು. ಅದಕ್ಕೆ ಬೇರೆ ಎಳೆ ತೆರೆಯಿರಿ. ಇಲ್ಲಿ ಈ ಹುಡುಗಿಯ ವಿಷಯ ಮುಗಿಯಲಿ.

ಸಿಂಧನೂರಿನವನು

ಒಂದು ಮಾತು ಹೇಳಬೇಕಿತ್ತು. ನಾನು ಇಲ್ಲಿಯ ಕಟ್ಟಡವೊಂದರಲ್ಲಿ ಮೇಸ್ತ್ರಿ. ಎಲ್ಲರೂ ಮನೆಯ ಬಗ್ಗೆ ಬರೆಯುತ್ತಿದ್ದೀರಿ. ಕಾಲುವೆಯ ಆ ಬದಿಯ ತಗಡಿನ ಶೆಡ್ಡುಗಳಲ್ಲಿ ನಮ್ಮ ಕಡೆಯ ಜನ ಇದ್ದಾರೆ, ರಾಯಚೂರು, ಯಾದಗಿರಿಯವರು. ಮಳೆಯ ರಾತ್ರಿ ಶೆಡ್ಡು ಬಿಟ್ಟು, ಕಟ್ಟುತ್ತಿರುವ ಕಟ್ಟಡದ ಮೊದಲ ಮಹಡಿಗೆ ಹತ್ತಿದರು. ಇನ್ನೂ ಅಲ್ಲಿಯೇ ಇದ್ದಾರೆ. ಗೋಡೆ ಎದ್ದಿಲ್ಲ, ಗಾಳಿ ನೇರ ಹೊಡೆಯುತ್ತದೆ. ಅವರಲ್ಲಿ ಏಳು ತಿಂಗಳ ಬಸುರಿ ಒಬ್ಬಳಿದ್ದಾಳೆ, ನನಗೆ ತಂಗಿಯಾಗಬೇಕು. ಕಾರ್ಡನ್ನು ಊರಿನಲ್ಲಿ ಮಾಡಿಸಿದ್ದಾಳೆ, ಅದು ಅಲ್ಲಿಯೇ ಉಳಿದಿದೆ. ಕಬ್ಬಿಣದ ಮಾತ್ರೆ ಮುಗಿದಿವೆ. ಕಾರ್ಡಿಲ್ಲದೆ ಇಲ್ಲಿ ತೋರಿಸುವುದಿಲ್ಲ ಎಂದು ಯಾರೋ ಹೇಳಿದ್ದಕ್ಕೆ ಸುಮ್ಮನಿದ್ದಾಳೆ. ಕುಡಿಯುವುದು ಟ್ಯಾಂಕರ್ ನೀರು. ಕುದಿಸಲು ಸೌದೆ ಒದ್ದೆ.

ನೆಲಮಹಡಿ

ಅಣ್ಣ, ಆ ಕಟ್ಟಡ ನಮ್ಮ ಮನೆಯ ಅಡುಗೆಮನೆಯ ಕಿಟಕಿಗೆ ಕಾಣುತ್ತದೆ. ಸಂಜೆ ಅಲ್ಲಿ ದೀಪ ಉರಿಯುವುದನ್ನು ನೋಡಿದ್ದೇನೆ. ನಮ್ಮಲ್ಲಿ ಗ್ಯಾಸ್ ಇದೆ. ಬೆಳಿಗ್ಗೆ ಸಂಜೆ ಕುದಿಸಿ ಆರಿಸಿದ ನೀರನ್ನು ಕ್ಯಾನಿನಲ್ಲಿ ನನ್ನ ಗಂಡ ತಂದುಕೊಡುತ್ತಾರೆ. ಅವಳಿಗೆ ಹೊದಿಕೆ ಇದೆಯೇ?

ನಿವೃತ್ತ ನರ್ಸ್

ಮೇಸ್ತ್ರಿಯವರೇ, ಕಾರ್ಡಿಲ್ಲದಿದ್ದರೆ ತೋರಿಸುವುದಿಲ್ಲ ಎಂಬುದು ತಪ್ಪು. ಸಿಂಧನೂರಿನಲ್ಲಿ ನೋಂದಣಿಯಾಗಿದ್ದರೆ ಆ ಸಂಖ್ಯೆ ಇಲ್ಲಿಯೂ ನಡೆಯುತ್ತದೆ. ಕಾರ್ಡಿನ ಚಿತ್ರವನ್ನು ಊರಿನವರಿಂದ ಮೊಬೈಲಿಗೆ ತರಿಸಿಕೊಳ್ಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ಊಟ ಎಲ್ಲವೂ ಉಚಿತ. ಹೋಗಲು 108, ಹೆರಿಗೆಯಾದ ಮೇಲೆ ಮನೆಗೆ ಬಿಡಲು ನಗು-ಮಗು ವಾಹನವಿದೆ. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರನ್ನು ವೈದ್ಯರೇ ಪರೀಕ್ಷಿಸುತ್ತಾರೆ. 2016ರಿಂದ ನಡೆಯುತ್ತಿರುವ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ ಅದು. ತಂಗಿಯನ್ನು ಕರೆದುಕೊಂಡು ಬನ್ನಿ, ನಾನು ಜೊತೆಗೆ ಬರುತ್ತೇನೆ. ಮಾತ್ರೆಗೆ ಅಲ್ಲಿಯವರೆಗೆ ಕಾಯುವುದು ಬೇಡ. ನಾಳೆಯೇ ನಗರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ ಪಡೆಯೋಣ. ಅವಳು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿದ್ದಾಳೆಯೇ ಎಂದೂ ವಿಚಾರಿಸಿ. ಹೆರಿಗೆಗೆ ಅಲ್ಲಿ ಸಹಾಯಧನವಿದೆ.

ಮೂರನೇ ಅಡ್ಡರಸ್ತೆ

ಇದನ್ನು ಓದಿ ನನಗೆ ಹೊಳೆದದ್ದು: ಆ ರಾತ್ರಿ ಟ್ರಾಕ್ಟರ್ ಬಂದಾಗ ಯಾರ ಮನೆಗೆ ಮೊದಲು ಹೋಗಬೇಕು ಎಂದು ಯಾರಿಗೂ ಗೊತ್ತಿರಲಿಲ್ಲ. ಕೂಗಿದವರ ಮನೆಗೆ ಹೋಯಿತು. ಬಡಾವಣೆಯ ಗರ್ಭಿಣಿಯರು, ಬಾಣಂತಿಯರು, ಅವರ ಮಹಡಿ, ಹೆರಿಗೆಯ ದಿನಾಂಕ, ಇವುಗಳ ಪಟ್ಟಿ ಮಾಡಿ ವಾಟ್ಸಾಪ್ ಗುಂಪಿನಲ್ಲಿ ಹಾಕಿಬಿಡೋಣ.

ಹೆಸರು ಬೇಡ

ದಯವಿಟ್ಟು ಗುಂಪಿನಲ್ಲಿ ಹಾಕಬೇಡಿ. ನಾನೂ ಗರ್ಭಿಣಿ. ಹಿಂದೆ ಎರಡು ಬಾರಿ ಉಳಿಯಲಿಲ್ಲ. ಈ ಸಲ ಅಮ್ಮನಿಗೆ ಬಿಟ್ಟು ಯಾರಿಗೂ ಹೇಳಿಲ್ಲ. ಮೂರು ತಿಂಗಳು ತುಂಬುವ ಮುನ್ನ ಹೇಳದ ಮನೆಗಳು ಎಷ್ಟೋ ಇವೆ. ದೃಷ್ಟಿಗೆ ಹೆದರುವವರಿದ್ದಾರೆ, ಕೆಲಸ ಹೋದೀತೆಂದು ಹೆದರುವವರಿದ್ದಾರೆ. ಇನ್ನೂರು ಜನರ ಮೊಬೈಲಿನಲ್ಲಿ ನನ್ನ ಹೆಸರು ಬರುವುದಾದರೆ, ಮುಂದಿನ ಮಳೆಯಲ್ಲಿಯೂ ನಾನು ಬಾಯಿ ಬಿಡುವುದಿಲ್ಲ.

ನಿವೃತ್ತ ನರ್ಸ್

ಸರಿಯಾದ ಮಾತು ಹೇಳಿದೆ ತಾಯಿ. ಪಟ್ಟಿ ಈಗಾಗಲೇ ಇದೆ. ಆಶಾ ಕಾರ್ಯಕರ್ತೆಯ ವಹಿಯಲ್ಲಿ, ಅಂಗನವಾಡಿಯಲ್ಲಿ ಇದೆ. ಅದು ಅಲ್ಲಿಯೇ ಇರಲಿ. ಮಳೆಯ ಮುನ್ಸೂಚನೆ ಬಂದ ದಿನ ಸಂಘದವರು ಆಶಾಗೆ ಫೋನು ಮಾಡಬೇಕು, ಎತ್ತರದ ಎರಡು ಮೂರು ಮನೆಗಳನ್ನು ತೆರೆದಿಡಬೇಕು, ಗಾಡಿ ಯಾವುದೆಂದು ಅವಳಿಗೆ ತಿಳಿಸಬೇಕು. ಯಾರನ್ನು ಕರೆತರಬೇಕು ಎಂದು ಅವಳು ಹೇಳುತ್ತಾಳೆ. ಯಾಕೆ, ಎಷ್ಟು ತಿಂಗಳು ಎಂದು ಯಾರೂ ಕೇಳಬೇಕಾಗಿಲ್ಲ. ಒಂದು ಕೊರತೆ ಉಳಿಯುತ್ತದೆ. ಬಾಡಿಗೆಗೆ ಹೊಸದಾಗಿ ಬಂದವರು, ಖಾಸಗಿ ಆಸ್ಪತ್ರೆಗೆ ತೋರಿಸುವವರು, ಶೆಡ್ಡಿನವರು ಆ ವಹಿಯಲ್ಲಿ ಇರುವುದಿಲ್ಲ. ಶೆಡ್ಡುಗಳಿಗೆ ಆಶಾ ಜೊತೆ ನಾನು ಹೋಗುತ್ತೇನೆ. ಮೇಸ್ತ್ರಿಯವರು ಪರಿಚಯ ಮಾಡಿಕೊಡಲಿ.

ಸಂಘದ ಕಾರ್ಯದರ್ಶಿ

ನಾಲ್ಕು ದಿನದಿಂದ ಓದುತ್ತಿದ್ದೆ. ಅಮ್ಮನವರು ಹೇಳಿದಂತೆಯೇ ಮಾಡೋಣ. ಗುಂಪಿನಲ್ಲಿ ಯಾರ ಹೆಸರೂ ಬರುವುದಿಲ್ಲ, ಇದು ನನ್ನ ಹೊಣೆ. ಸಂಘದ ಕಟ್ಟಡದ ಮೇಲಿನ ಸಭಾಂಗಣ ಒಣಗಿದೆ. ಗುತ್ತಿಗೆದಾರರು ಶೆಡ್ಡುಗಳನ್ನು ಎತ್ತರದಲ್ಲಿ ಮತ್ತೆ ಕಟ್ಟಿಕೊಡುವವರೆಗೆ ಆ ಕುಟುಂಬಗಳು ಅಲ್ಲಿರಬಹುದು ಎಂದು ಸಮಿತಿಯಲ್ಲಿ ಇವತ್ತು ಒಪ್ಪಿದ್ದಾರೆ. ಇಬ್ಬರು ಒಪ್ಪಲಿಲ್ಲ, ಉಳಿದವರು ಒಪ್ಪಿದರು. ಶೌಚಾಲಯ ಕೆಳಗಿದೆ, ರಾತ್ರಿ ಮೆಟ್ಟಿಲಿಗೆ ದೀಪ ಹಾಕಿಸುತ್ತೇನೆ.

ಸಿಂಧನೂರಿನವನು

ಸಂಜೆಯೇ ಕರೆತರುತ್ತೇನೆ ಸರ್. ಬಹಳ ಉಪಕಾರವಾಯಿತು.

ನೆಲಮಹಡಿ

ಇವತ್ತು ವೈದ್ಯರನ್ನು ಕಂಡೆ. ರಕ್ತದೊತ್ತಡ ಸ್ವಲ್ಪ ಏರಿದೆ, ದೂರದ ಪ್ರಯಾಣ ಬೇಡ ಎಂದರು. ಹಾಗಾಗಿ ಬೇಲೂರಿಗೆ ಹೋಗುತ್ತಿಲ್ಲ, ಅಮ್ಮನೇ ಇಲ್ಲಿಗೆ ಬರುತ್ತಿದ್ದಾರೆ. ಗೋಡೆ ಆರುವವರೆಗೆ ಎರಡನೇ ಮಹಡಿಯ ಅಕ್ಕ ತಮ್ಮ ಒಂದು ಕೋಣೆ ಬಿಟ್ಟುಕೊಡುತ್ತೇನೆ ಎಂದಿದ್ದಾರೆ. ಸೀರೆ ಕಳುಹಿಸಿದ ಅಕ್ಕನೇ ಅವರು. ಇದ್ದಿಲಿನ ಮಾತನ್ನು ಅತ್ತೆಯವರು ಒಪ್ಪಿದರು. ಸಾಂಬ್ರಾಣಿಯ ವಿಷಯದಲ್ಲಿ ಇನ್ನೂ ಮಾತುಕತೆ ನಡೆಯುತ್ತಿದೆ.

9ನೇ ತಾರೀಖು ಬೆಳಿಗ್ಗೆ ಎಂಟೂವರೆಗೆ ಸರ್ಕಾರಿ ಆಸ್ಪತ್ರೆಗೆ ನಮ್ಮ ಕಾರು ಬಡಾವಣೆಯ ಬೇಕರಿಯ ಎದುರಿನಿಂದ ಹೊರಡುತ್ತದೆ. ನನ್ನ ಗಂಡ ಓಡಿಸುತ್ತಾರೆ. ಮೇಸ್ತ್ರಿಯವರ ತಂಗಿ, ನರ್ಸ್ ಅಮ್ಮ ಬರುತ್ತಾರೆ. ಇನ್ನೊಬ್ಬರಿಗೆ ಜಾಗವಿದೆ. ಬರುವವರು ಇಲ್ಲಿ ಬರೆಯಬೇಕಾಗಿಲ್ಲ, ಆಶಾ ಕಾರ್ಯಕರ್ತೆಗೆ ತಿಳಿಸಿದರೆ ಸಾಕು.